ಫ್ಲೂ ಲಸಿಕೆಯ ನಂತರ ಬಿಡದೆ ಕಾಡಿದ ಭುಜದ ನೋವು: ಒಂದು ಪ್ರಕರಣ

ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೆ ರಟ್ಟೆ ನೋಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸೂಜಿ ಹೋದ ಜಾಗ ಸ್ವಲ್ಪ ಗಟ್ಟಿಯಾಗುತ್ತದೆ. ಮುಟ್ಟಿದರೆ ನೋಯುತ್ತದೆ. ರಾತ್ರಿ ಆ ಮಗ್ಗುಲಿಗೆ ತಿರುಗಿದರೆ ಎಚ್ಚರವಾಗುತ್ತದೆ. ಎರಡು ಮೂರು ದಿನ ಕಳೆದರೆ ನೋವಿತ್ತು ಅನ್ನುವುದೇ ಮರೆತುಹೋಗುತ್ತದೆ. ಬಹುತೇಕ ಎಲ್ಲರ ಅನುಭವ ಇಷ್ಟೇ.

ಈ ಪ್ರಕರಣದಲ್ಲಿ ಹಾಗಾಗಲಿಲ್ಲ. ಲಸಿಕೆಯಾಗಿ ಒಂಬತ್ತು ವಾರ ಕಳೆದ ಮೇಲೆ 47 ವರ್ಷದ ಮಹಿಳೆಯೊಬ್ಬರು ಎಡಗೈ ಎತ್ತಲಾಗದೆ ಫಿಸಿಯೋಥೆರಪಿಗೆ ಬಂದರು. ನಾನು ಭುಜದ ತೊಂದರೆಗಳನ್ನೇ ಜಾಸ್ತಿ ನೋಡುವ ಫಿಸಿಯೋಥೆರಪಿಸ್ಟ್. ಅವರ ಗುರುತು ಸಿಗುವ ವಿವರ ಬಿಟ್ಟು, ನೋವು ಹೇಗೆ ಶುರುವಾಯಿತು, ಹೇಗೆ ಬೆಳೆಯಿತು, ಹೇಗೆ ಇಳಿಯಿತು ಅನ್ನುವುದನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಸೂಜಿಯಿಂದ ಆದ ತೊಂದರೆ ದೊಡ್ಡದೇನಲ್ಲ, ಬೇಗ ಗುರುತಿಸಿದ್ದರೆ ಬೇಗ ಇಳಿಯುತ್ತಿತ್ತು. "ಇದು ಮಾಮೂಲಿ, ಹೋಗುತ್ತೆ ಬಿಡಿ" ಎಂಬ ಮಾತನ್ನು ನಂಬಿ ಕಾದ ವಾರಗಳೇ ಅವರ ಭುಜವನ್ನು ಹೆಚ್ಚು ಕೆಡಿಸಿದವು.

ಬಂದಾಗ ಇದ್ದ ಸ್ಥಿತಿ

ಅವರು ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರು. ಬಲಗೈ ಬಳಕೆ. ತೆಳ್ಳಗಿನ ಮೈಕಟ್ಟು. ಭುಜಕ್ಕೆ ಹಿಂದೆ ಯಾವತ್ತೂ ಪೆಟ್ಟು ಬಿದ್ದಿರಲಿಲ್ಲ, ನೋವೂ ಇರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಥೈರಾಯ್ಡ್ ತೊಂದರೆ ಇಲ್ಲ. ಭುಜ ಬಿಗಿದುಕೊಂಡು ಬಂದವರಿಗೆ ಈ ಎರಡನ್ನು ನಾನು ಕೇಳದೆ ಬಿಡುವುದಿಲ್ಲ. ಭುಜ ಹೆಪ್ಪುಗಟ್ಟುವ ತೊಂದರೆ, ಅಂದರೆ ಫ್ರೋಜನ್ ಶೋಲ್ಡರ್, ಈ ಕಾಯಿಲೆಗಳು ಇರುವವರಲ್ಲಿ ಜಾಸ್ತಿ ಕಾಣುತ್ತದೆ.

ಲಸಿಕೆ ಹಾಕಿಸಿಕೊಂಡದ್ದು ಬೆಳಿಗ್ಗೆ. ಚುಚ್ಚಿದ ಕ್ಷಣದಲ್ಲೇ "ಮೂಳೆಗೆ ತಾಗಿದ ಹಾಗಾಯ್ತು" ಅಂದರು. ಹಿಂದಿನ ವರ್ಷಗಳಲ್ಲೂ ಇದೇ ಲಸಿಕೆ ಹಾಕಿಸಿಕೊಂಡಿದ್ದಾರೆ, ಆಗ ಹೀಗೆ ಅನ್ನಿಸಿರಲಿಲ್ಲ. ಸಂಜೆ ಹೊತ್ತಿಗೆ ನೋವು ಏರಿತು. ಮೇಲುಮೇಲಿನ ನೋವಲ್ಲ, ಕೀಲಿನ ಒಳಗಿಂದ ಬರುವಂಥದ್ದು. ಮರುದಿನ ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳಲು ಎಡಗೈಯನ್ನು ಬಲಗೈಯಲ್ಲಿ ಹಿಡಿದು ತೋಳಿಗೆ ತೂರಿಸಬೇಕಾಯಿತು.

ವಾರವಾದ ಮೇಲೆ ಲಸಿಕೆ ಹಾಕಿದ ಜಾಗಕ್ಕೇ ಹೋಗಿ ಕೇಳಿದರು. ಮಾಮೂಲಿ ನೋವು ಅಂತ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಮೂರನೇ ವಾರ ಎಕ್ಸ್‌ರೇ ಆಯಿತು, ಅದರಲ್ಲಿ ಏನೂ ಕಾಣಲಿಲ್ಲ. ಕಾಣುವುದೂ ಇಲ್ಲ. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಇಲ್ಲಿ ಕೆಟ್ಟಿದ್ದು ಮೂಳೆಯ ಮೇಲಿನ ಮೆದು ಪದರ. ಆದರೆ "ಎಕ್ಸ್‌ರೇ ನಾರ್ಮಲ್" ಅನ್ನುವ ಮಾತು ಮನೆಯವರ ಕಿವಿಗೆ "ನಿನಗೇನೂ ಆಗಿಲ್ಲ" ಅಂತ ಕೇಳಿಸಿತು. ಅಲ್ಲಿಂದ ಮುಂದೆ ಅವರು ನೋವಿನ ಬಗ್ಗೆ ಬಾಯಿ ಬಿಡುವುದನ್ನೇ ನಿಲ್ಲಿಸಿದರು.

ನೋಯುವುದು ಎಡಗೈ ಆಗಿದ್ದರಿಂದ ಅದನ್ನು ಬಳಸದೆ ದಿನ ಕಳೆಯುವುದು ಸುಲಭವಾಯಿತು. ತಲೆ ಬಾಚಲು ಬಲಗೈ, ಬಾಗಿಲು ತೆಗೆಯಲು ಬಲಗೈ, ಚೀಲ ಬಲಭುಜಕ್ಕೆ. ಎಡಗೈ ಮಡಿಲಲ್ಲಿ ಸುಮ್ನೆ ಬಿದ್ದಿರುತ್ತಿತ್ತು. ಬಲಗೈಗೆ ಹೀಗಾಗಿದ್ದರೆ ಊಟಕ್ಕೆ, ಬರೆಯೋಕೆ ಅಂತ ಇಷ್ಟಾದರೂ ಆಡಿಸಲೇಬೇಕಿತ್ತು.

ಪರೀಕ್ಷೆ ಮಾಡಿದಾಗ ಎಡಗೈ ಪಕ್ಕದಿಂದ ಮೇಲೆ 80 ಡಿಗ್ರಿ ಹೊತ್ತಿಗೆ ನಿಂತುಬಿಟ್ಟಿತು. ಅಲ್ಲಿಂದ ಮೇಲೆ ಕೈ ಎತ್ತುವ ಬದಲು ಇಡೀ ಭುಜವನ್ನು ಕಿವಿಯ ಕಡೆ ಏರಿಸುತ್ತಿದ್ದರು. ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು ಅಂಗೈಯನ್ನು ಹೊರಗೆ ತಿರುಗಿಸಲು ಹೇಳಿದೆ. ಬಲಗಡೆಗೆ ಹೋಲಿಸಿದರೆ ಅರ್ಧ ಮಾತ್ರ ತಿರುಗಿತು. ಅವರ ಕೈಯನ್ನು ಸಡಿಲ ಬಿಡಿಸಿ ನಾನೇ ತಿರುಗಿಸಿ ನೋಡಿದರೂ ಅಷ್ಟೇ. ನೋವಿನಿಂದ ನಿಲ್ಲುವುದಕ್ಕೂ ಬಿಗಿತದಿಂದ ನಿಲ್ಲುವುದಕ್ಕೂ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಇವರಿಗೆ ಎರಡೂ ಇತ್ತು. ಬೆನ್ನ ಹಿಂದೆ ಕೈ ಒಯ್ಯಲು ಹೇಳಿದರೆ ಬಲ ಹೆಬ್ಬೆರಳು ಹೆಗಲ ಮೂಳೆಗಳ ನಡುವೆ ಮುಟ್ಟಿತು, ಎಡ ಹೆಬ್ಬೆರಳು ಸೊಂಟದ ಪಟ್ಟಿಯನ್ನೂ ದಾಟಲಿಲ್ಲ.

ಆ ಫೋಟೋ

ಚುಚ್ಚಿದ್ದು ಎಲ್ಲಿ ಅಂತ ಕೇಳಿದರೆ ಜನ ಸಾಮಾನ್ಯವಾಗಿ ರಟ್ಟೆಯ ಮೇಲೆ ಅಂಗೈ ಇಟ್ಟು "ಇಲ್ಲೆಲ್ಲೋ" ಅನ್ನುತ್ತಾರೆ. ಒಂಬತ್ತು ವಾರದ ನಂತರ ಚರ್ಮದ ಮೇಲೆ ಗುರುತೂ ಉಳಿದಿರುವುದಿಲ್ಲ. ಇವರು ಮಾತ್ರ ಫೋನ್ ತೆಗೆದರು. ಲಸಿಕೆ ಹಾಕಿಸಿಕೊಂಡ ದಿನ ತೆಗೆದುಕೊಂಡ ಫೋಟೋ ಅದರಲ್ಲಿತ್ತು.

ಫೋಟೋ ದೊಡ್ಡದು ಮಾಡಿ ನೋಡಿದೆವು. ಅಂಗಿಯ ಕತ್ತು ಎಡಗಡೆಗೆ ಜಾರಿಸಿ ಭುಜದ ಮೇಲ್ತುದಿಯನ್ನಷ್ಟೇ ಹೊರಗೆ ತೆಗೆದಿದ್ದಾರೆ. ತೋಳಿನ ಬಟ್ಟೆ ಹಾಗೇ ಇದೆ. ಪುಟ್ಟ ದುಂಡನೆಯ ಪ್ಲಾಸ್ಟರ್ ಭುಜದ ಮೂಳೆಯ ಅಂಚಿನಿಂದ ಒಂದು ಬೆರಳಿನಷ್ಟು ಕೆಳಗೆ ಅಂಟಿಕೊಂಡಿದೆ. ಬಟ್ಟೆಯ ಅಂಚು ಅದರ ಕೆಳಗೇ ಬಿಗಿಯಾಗಿ ಕೂತಿದೆ. ಸೂಜಿ ಹೋಗಬೇಕಿದ್ದ ಜಾಗ ಆ ಬಟ್ಟೆಯ ಅಡಿಯಲ್ಲಿತ್ತು.

"ಚುಚ್ಚಿದವರು ನಿಂತಿದ್ರಾ, ಕೂತಿದ್ರಾ?" ಅಂತ ಕೇಳಿದೆ.

"ನಾನು ಕುರ್ಚಿ ಮೇಲೆ ಕೂತಿದ್ದೆ ಮೇಡಂ, ಅವರು ನಿಂತೇ ಚುಚ್ಚಿದ್ರು. ತುಂಬಾ ಜನ ಇದ್ರು, ಪಾಪ ಅವರಿಗೂ ಅವಸರ."

ಈ ಎರಡು ಸಂಗತಿ ಸೇರಿದರೆ ಸೂಜಿ ಮೇಲಕ್ಕೆ ಹೋಗುವ ಸಂಭವ ಜಾಸ್ತಿ. ಕುಳಿತವರ ತೋಳನ್ನು ನಿಂತು ನೋಡುವವರ ಕಣ್ಣಿಗೆ ಮೊದಲು ಬೀಳುವುದು ಭುಜದ ತುದಿ. ಕತ್ತಿನ ಕಡೆಯಿಂದ ಬಟ್ಟೆ ಎಳೆದರೆ ಹೊರಗೆ ಬರುವುದೂ ಆ ತುದಿಯೇ. ಚುಚ್ಚುವವರು ರೋಗಿಯ ಎತ್ತರಕ್ಕೇ ಕೂತು, ತೋಳನ್ನು ಪೂರ್ತಿ ಬಿಡಿಸಿ ನೋಡಿ ಚುಚ್ಚಬೇಕು ಅಂತ ಹೇಳಿಕೊಡುವುದು ಅದಕ್ಕೇ.

ಒಳಗೆ ಏನಾಗಿತ್ತು

ಭುಜದ ತುದಿಯಲ್ಲಿ ಬೆರಳಿಗೆ ಸಿಗುವ ಗಟ್ಟಿ ಅಂಚು ಇದೆಯಲ್ಲ, ಅದರ ಹೆಸರು ಅಕ್ರೋಮಿಯನ್. ಅದರ ಕೆಳಗೆ ರಟ್ಟೆಯ ಹೊರಭಾಗವನ್ನು ಮುಚ್ಚಿಕೊಂಡಿರುವ ದಪ್ಪ ಸ್ನಾಯು ಡೆಲ್ಟಾಯ್ಡ್. ಫ್ಲೂ ಲಸಿಕೆ ಸೇರಬೇಕಾದದ್ದು ಈ ಸ್ನಾಯುವಿನ ನಡುಭಾಗಕ್ಕೆ. ಅಕ್ರೋಮಿಯನ್‌ನಿಂದ ಎರಡು ಮೂರು ಬೆರಳಿನಷ್ಟು, ಸುಮಾರು 5 ಸೆಂ.ಮೀ. ಕೆಳಗೆ, ಕಂಕುಳಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಚರ್ಮಕ್ಕೆ ನೇರವಾಗಿ ಚುಚ್ಚಬೇಕು.

ಅದಕ್ಕಿಂತ ಮೇಲೆ ಹೋದರೆ ಸ್ನಾಯುವಿನ ಅಡಿಯಲ್ಲೇ ಬರ್ಸಾ ಇದೆ. ಸ್ನಾಯುವಿಗೂ ಕೀಲಿಗೂ ಮಧ್ಯೆ ಉಜ್ಜಾಟ ತಪ್ಪಿಸಲು ಇರುವ ತೆಳು ಚೀಲ ಅದು. ಅದರ ಕೆಳಗೆ ಕೈ ಎತ್ತಲು, ತಿರುಗಿಸಲು ಬೇಕಾದ ಸ್ನಾಯುಗಳ ತುದಿಗಳು ಮೂಳೆಗೆ ಅಂಟಿಕೊಂಡಿವೆ. 2007ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಅಲ್ಟ್ರಾಸೌಂಡ್‌ನಿಂದ ಅಳೆದು ನೋಡಿದ್ದರು. ಈ ಚೀಲ ಅಕ್ರೋಮಿಯನ್ ಅಂಚಿನಿಂದ 3ರಿಂದ 6 ಸೆಂ.ಮೀ. ಕೆಳಗಿನವರೆಗೂ ಚಾಚಿರುತ್ತದೆ, ಚರ್ಮದಿಂದ 0.8ರಿಂದ 1.6 ಸೆಂ.ಮೀ. ಆಳದಲ್ಲೇ ಸಿಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಬಳಸುವ ಸೂಜಿಯ ಉದ್ದ 25 ಮಿ.ಮೀ. ತೆಳ್ಳಗಿನವರ ಭುಜದ ತುದಿಯಲ್ಲಿ ಅಷ್ಟೂ ಸೂಜಿ ಒಳಗೆ ಹೋದರೆ ಅದು ಸ್ನಾಯುವಿನಲ್ಲಿ ನಿಲ್ಲುವುದಿಲ್ಲ, ಚೀಲವನ್ನು ದಾಟಿಬಿಡಬಹುದು. 60 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ 16 ಮಿ.ಮೀ. ಸೂಜಿಯೂ ಸಾಕು. ಅದನ್ನೂ ಸರಿಯಾದ ಜಾಗದಲ್ಲೇ ಚುಚ್ಚಬೇಕು.

ಸೂಜಿ ತಾಗಿದ್ದಕ್ಕೇ ತಿಂಗಳುಗಟ್ಟಲೆ ನೋವಾ ಅಂತ ಕೇಳಬಹುದು. ಬರೀ ಸೂಜಿಯಾಗಿದ್ದರೆ ಇಷ್ಟು ದಿನ ಎಳೆಯುತ್ತಿರಲಿಲ್ಲ. ಲಸಿಕೆ ಇರುವುದೇ ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಲು. ಸ್ನಾಯುವಿಗೆ ರಕ್ತ ಸಂಚಾರ ಚೆನ್ನಾಗಿದೆ, ಅಲ್ಲಿ ಆ ಕೆಲಸ ಎರಡು ದಿನದಲ್ಲಿ ಮುಗಿಯುತ್ತದೆ. ಅದೇ ಅರ್ಧ ಮಿ.ಲೀ. ದ್ರವ ಬರ್ಸಾದೊಳಗೆ ನಿಂತರೆ ಉರಿಯೂತವೂ ಅಲ್ಲೇ ನಿಲ್ಲುತ್ತದೆ. ಫ್ಲೂ ಲಸಿಕೆ ಪ್ರತಿ ವರ್ಷ ಹಾಕಿಸಿಕೊಳ್ಳುವಂಥದ್ದು, ಅದನ್ನು ಗುರುತಿಸುವ ಪ್ರತಿಕಾಯಗಳು ದೇಹದಲ್ಲಿ ಮೊದಲೇ ಇರುತ್ತವೆ. ಅದರಿಂದಲೇ ಆ ಉರಿಯೂತ ಜೋರಾಗುತ್ತದೆ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

2010ರಲ್ಲಿ ಅಮೆರಿಕದ ವೈದ್ಯರು ಇಂಥ 13 ಮಂದಿಯ ವಿವರ ಒಟ್ಟುಗೂಡಿಸಿ ಪ್ರಕಟಿಸಿದರು, ಇದಕ್ಕೆ ಸಿರ್ವಾ (SIRVA), ಅಂದರೆ ಲಸಿಕೆ ಚುಚ್ಚಿದ್ದರಿಂದ ಭುಜಕ್ಕಾದ ತೊಂದರೆ, ಎಂಬ ಹೆಸರೂ ಆಗಲೇ ಬಂತು. ಅವರಲ್ಲಿ ಬಹುತೇಕ ಎಲ್ಲರಿಗೂ ನೋವು ಒಂದು ದಿನದೊಳಗೇ ಶುರುವಾಗಿತ್ತು. 2017ರಿಂದ ಅಮೆರಿಕದ ಲಸಿಕೆ ಪರಿಹಾರ ಯೋಜನೆಯ ಪಟ್ಟಿಯಲ್ಲೂ ಇದು ಸೇರಿದೆ. ಅಲ್ಲಿ ನೋಡುವುದು ಇಷ್ಟು: ಆ ಭುಜಕ್ಕೆ ಮೊದಲು ತೊಂದರೆ ಇರಬಾರದು, ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ನೋವೂ ಬಿಗಿತವೂ ಚುಚ್ಚಿದ ಭುಜಕ್ಕೇ ಸೀಮಿತವಾಗಿರಬೇಕು, ಬೇರೆ ಕಾರಣ ಇರಬಾರದು. ಇವರ ಕಥೆ ನಾಲ್ಕಕ್ಕೂ ಹೊಂದುತ್ತಿತ್ತು.

ಇದು ಬಹಳ ಅಪರೂಪ ಅನ್ನುವುದನ್ನೂ ಇಲ್ಲೇ ಹೇಳಬೇಕು. ಅಮೆರಿಕದಲ್ಲಿ 2016-17ರ ಫ್ಲೂ ಲಸಿಕೆ ಪಡೆದ ಸುಮಾರು 29 ಲಕ್ಷ ಜನರ ದಾಖಲೆ ನೋಡಿದ ಅಧ್ಯಯನದಲ್ಲಿ, ಲಸಿಕೆಯ ಕಾರಣಕ್ಕೆ ಬರ್ಸಾ ಊದಿಕೊಂಡದ್ದು ಹತ್ತು ಲಕ್ಷಕ್ಕೆ ಎಂಟರಷ್ಟು ಮಾತ್ರ.

ಬೇರೆ ಏನಾದರೂ ಇರಬಹುದಿತ್ತಾ

ಲಸಿಕೆಯ ನಂತರ ಬಂದ ನೋವೆಲ್ಲ ಲಸಿಕೆಯಿಂದಲೇ ಬಂದದ್ದಲ್ಲ. 47ನೇ ವಯಸ್ಸಿನಲ್ಲಿ ಭುಜ ತಾನಾಗೇ ಬಿಗಿದುಕೊಳ್ಳುವುದುಂಟು. ಆದರೆ ಅದು ವಾರಗಳಲ್ಲಿ ನಿಧಾನಕ್ಕೆ ಏರುತ್ತದೆ, ಬೆಳಿಗ್ಗೆ ಚೆನ್ನಾಗಿದ್ದ ಭುಜವನ್ನು ಸಂಜೆಗೆ ಹಿಡಿಯುವುದಿಲ್ಲ. ಕತ್ತಿನ ನರ ಒತ್ತಿದರೆ ಕತ್ತು ತಿರುಗಿಸಿದಾಗ ನೋವು ಕೈಗಿಳಿಯುತ್ತದೆ, ಬೆರಳು ಜೋಮು ಹಿಡಿಯುತ್ತವೆ. ಇವರಿಗೆ ನೋವು ರಟ್ಟೆಯ ಹೊರಭಾಗದಿಂದ ಮೊಣಕೈವರೆಗೆ ಎಳೆಯುತ್ತಿತ್ತು, ಅದರಾಚೆ ಹೋಗುತ್ತಿರಲಿಲ್ಲ. ಬರ್ಸಾದ ನೋವು ಕೈಗೆ ಹರಡುವುದೇ ಹೀಗೆ.

ನಾನು ಹೆಚ್ಚು ಹೊತ್ತು ನೋಡಿದ್ದು ಸ್ನಾಯುವಿನ ಬಲ. ಅಪರೂಪಕ್ಕೆ ಲಸಿಕೆಯ ನಂತರದ ದಿನಗಳಲ್ಲಿ ಭುಜದ ನರಗಳ ಗೊಂಚಲಿಗೇ ಉರಿಯೂತ ಬಂದ ವರದಿಗಳಿವೆ. ಅದರಲ್ಲಿ ಮೊದಲು ತಡೆಯಲಾರದ ನೋವು ಬರುತ್ತದೆ. ಆಮೇಲೆ ನೋವು ಇಳಿಯುತ್ತಾ ಕೈ ಸೋಲುತ್ತದೆ, ಸ್ನಾಯು ಕರಗುತ್ತದೆ. ಹಾಗಿದ್ದರೆ ದಾರಿಯೇ ಬೇರೆ, ನರರೋಗ ತಜ್ಞರನ್ನು ಕಾಣಬೇಕು. ಇವರ ಎರಡೂ ಭುಜಗಳ ದುಂಡು ಒಂದೇ ಥರ ಇತ್ತು, ರಟ್ಟೆಯ ಹೊರಭಾಗದ ಸ್ಪರ್ಶ ಸರಿಯಿತ್ತು, ಬಲವೂ ಇತ್ತು. ಜ್ವರ, ಹರಡುವ ಕೆಂಪು, ಬಿಸಿ ಇರಲಿಲ್ಲ, ಹಾಗಾಗಿ ಸೋಂಕಿನ ಮಾತು ಬರಲಿಲ್ಲ. ಎಡಗೈ ನೋವು ಅಂದಾಗ ಹೃದಯದ ಯೋಚನೆ ಬರುವುದು ಸಹಜ. ಕೈ ಅಲ್ಲಾಡಿಸಿದರೆ ಮಾತ್ರ ಬರುವ, ಎದೆ ಹಿಡಿಯುವುದು, ಏದುಸಿರು ಯಾವುದೂ ಇಲ್ಲದ ನೋವು ಅದಲ್ಲ.

ಅಲ್ಟ್ರಾಸೌಂಡ್ ಮಾಡಿಸಲು ಮೂಳೆ ವೈದ್ಯರ ಬಳಿ ಕಳಿಸಿದೆ. ಬರ್ಸಾ ದಪ್ಪಗಾಗಿತ್ತು, ಒಳಗೆ ಸ್ವಲ್ಪ ನೀರಿತ್ತು. ಸ್ನಾಯುವಿನ ತುದಿಗಳು ಹರಿದಿರಲಿಲ್ಲ. ವರದಿ ಕೈಗೆ ಬಂದಾಗ ಅವರು ಮೊದಲು ಕೇಳಿದ್ದು, "ಹಾಗಾದ್ರೆ ಇದು ನಿಜವಾದ ನೋವೇ ಅಲ್ವಾ?" ಅಂತ. ಎರಡು ತಿಂಗಳು ನರಳಿದವರು ಹಾಗೆ ಕೇಳುವ ಸ್ಥಿತಿ ಬರಬಾರದಿತ್ತು.

ಚಿಕಿತ್ಸೆ

ನೋವೂ ಬಿಗಿತವೂ ಇದ್ದಾಗ ಯಾವುದನ್ನು ಮೊದಲು ಹಿಡಿಯಬೇಕು? ಉರಿಯುತ್ತಿರುವ ಭುಜವನ್ನು ಬಲವಂತವಾಗಿ ಎಳೆದರೆ ಇನ್ನಷ್ಟು ಉರಿಯುತ್ತದೆ. ಹಾಗಂತ ನೋವು ತಾನಾಗೇ ಹೋಗಲಿ ಅಂತ ಕಾದರೆ ಬಿಗಿತ ಇನ್ನಷ್ಟು ಬಲಿಯುತ್ತದೆ. ಮೂಳೆ ವೈದ್ಯರು ಅಲ್ಟ್ರಾಸೌಂಡ್ ನೋಡಿಕೊಂಡೇ ಬರ್ಸಾದೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವ ಸಲಹೆ ಕೊಟ್ಟರು. ಸಕ್ಕರೆ ಕಾಯಿಲೆ ಇದ್ದವರಾದರೆ ಇದರಿಂದ ಕೆಲವು ದಿನ ಸಕ್ಕರೆ ಏರಬಹುದು, ಇವರಿಗೆ ಆ ಚಿಂತೆ ಇರಲಿಲ್ಲ.

ಚಿಂತೆ ಇದ್ದದ್ದು ಸೂಜಿಯದ್ದು. "ಸೂಜಿಯಿಂದಾನೇ ಇಷ್ಟೆಲ್ಲ ಆಗಿದ್ದು, ಅದೇ ಜಾಗಕ್ಕೆ ಮತ್ತೆ ಸೂಜೀನಾ ಮೇಡಂ?" ಅಂದರು. ಆ ಭಯಕ್ಕೆ ಅರ್ಥವಿತ್ತು. ಲಸಿಕೆ ಆ ಚೀಲದೊಳಗೆ ಹೋಗಬಾರದಿತ್ತು, ಈ ಔಷಧಿ ಅಲ್ಲಿಗೇ ಹೋಗಬೇಕು, ಸೂಜಿಯ ತುದಿ ಎಲ್ಲಿದೆ ಅಂತ ವೈದ್ಯರು ಪರದೆಯ ಮೇಲೆ ನೋಡುತ್ತಲೇ ಇರುತ್ತಾರೆ ಅಂತ ವಿವರಿಸಿದೆ. ಯೋಚಿಸಲು ಸಮಯ ತೆಗೆದುಕೊಂಡು ಒಪ್ಪಿದರು.

ಸ್ಟಿರಾಯ್ಡ್ ಜೊತೆ ಮರಗಟ್ಟಿಸುವ ಔಷಧಿಯೂ ಹೋಗುತ್ತದೆ. ಕೊಟ್ಟು ಕೆಲವೇ ನಿಮಿಷಕ್ಕೆ ಕೈ ಎತ್ತಲು ಹೇಳಿದರೆ 80 ಡಿಗ್ರಿಗೆ ನಿಲ್ಲುತ್ತಿದ್ದ ಕೈ 110ರ ಹತ್ತಿರ ಹೋಯಿತು. ಆದರೆ ಅಂಗೈ ಹೊರಗೆ ತಿರುಗುವುದು ಒಂದಿಷ್ಟೂ ಹೆಚ್ಚಲಿಲ್ಲ. ಯಾವುದು ಎಷ್ಟು ಅನ್ನುವುದು ಇದರಿಂದ ಸ್ಪಷ್ಟವಾಯಿತು. ಕೈ ಎತ್ತಲು ಬಿಡದೆ ಇದ್ದದ್ದರಲ್ಲಿ ದೊಡ್ಡ ಪಾಲು ಬರ್ಸಾದ ನೋವು. ತಿರುಗಲು ಬಿಡದೆ ಇದ್ದದ್ದು ಕೀಲಿನ ಹೊದಿಕೆಯ ಬಿಗಿತ. ಮೊದಲನೆಯದನ್ನು ಕೊಟ್ಟದ್ದು ಸೂಜಿ, ಎರಡನೆಯದನ್ನು ಕೊಟ್ಟದ್ದು ಒಂಬತ್ತು ವಾರ ಮಡಿಲಲ್ಲಿ ಬಿದ್ದಿದ್ದ ಕೈ.

ವಾರದೊಳಗೆ ರಾತ್ರಿಯ ನೋವು ಇಳಿಯಿತು. ನಿದ್ದೆ ಬಂದ ಮೇಲೆ ಮನುಷ್ಯರೇ ಬೇರೆಯಾಗುತ್ತಾರೆ, ವ್ಯಾಯಾಮಕ್ಕೂ ಮನಸ್ಸು ಬರುತ್ತದೆ. ಶುರು ಮಾಡಿದ್ದು ತೀರ ಸುಲಭದ ಚಲನೆಗಳಿಂದ. ಬಲಗೈಯನ್ನು ಮೇಜಿಗೆ ಊರಿ ಬಗ್ಗಿ ನಿಂತು ಎಡಗೈಯನ್ನು ಜೋತುಬಿಟ್ಟು ಸಣ್ಣ ಸುತ್ತು ಹಾಕುವುದು. ಕೂತು, ಅಂಗೈ ಕೆಳಗೆ ಬಟ್ಟೆ ಇಟ್ಟು ಮೇಜಿನ ಮೇಲೆ ಮುಂದಕ್ಕೆ ಜಾರಿಸುವುದು. ತಿರುಗುವಿಕೆಗೆ ಒಂದು ಕೋಲು ಸಾಕು. ಪಕ್ಕೆಗೂ ಮೊಣಕೈಗೂ ನಡುವೆ ಸುತ್ತಿದ ಟವೆಲ್ ಇಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು, ಬಲಗೈಯಿಂದ ಎಡಗೈಯನ್ನು ನಿಧಾನಕ್ಕೆ ಹೊರಗೆ ತಳ್ಳಬೇಕು. ಟವೆಲ್ ಕೆಳಗೆ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿದೆ, ಭುಜ ತಿರುಗುತ್ತಿಲ್ಲ ಅಂತ ಅರ್ಥ. ಮೊದಮೊದಲು ಬೀಳುತ್ತಲೇ ಇತ್ತು.

ಎಷ್ಟು ನೋವು ತಡೆದುಕೊಳ್ಳಬೇಕು ಅಂತ ಎಲ್ಲರೂ ಕೇಳುತ್ತಾರೆ. ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ಬಂದು, ವ್ಯಾಯಾಮ ಮುಗಿದ ಸ್ವಲ್ಪ ಹೊತ್ತಿಗೆ ಇಳಿದರೆ ತೊಂದರೆಯಿಲ್ಲ. ರಾತ್ರಿ ನಿದ್ದೆ ಕೆಡಿಸಿದರೆ ಆವತ್ತಿನದು ಜಾಸ್ತಿಯಾಯಿತು, ಮರುದಿನ ಕಡಿಮೆ ಮಾಡಬೇಕು. ಇವರು ಅವಸರದವರಲ್ಲ, ಅದು ಅನುಕೂಲವಾಯಿತು. ಆರನೇ ವಾರದಿಂದ ರಬ್ಬರ್ ಪಟ್ಟಿ ಹಿಡಿದು ಬಲ ತುಂಬುವ ವ್ಯಾಯಾಮ, ಹೆಗಲ ಮೂಳೆಯನ್ನು ಹಿಂದಕ್ಕೆ ಒತ್ತುವ ವ್ಯಾಯಾಮ ಸೇರಿಸಿದೆವು. ಕೈ ಎತ್ತುವಾಗ ಭುಜ ಕಿವಿಗೆ ಏರುವ ಅಭ್ಯಾಸ ಬಿಡಿಸಲು ಕನ್ನಡಿ ಮುಂದೆ ನಿಲ್ಲಿಸಬೇಕಾಯಿತು.

ಮೂರು ತಿಂಗಳ ಹೊತ್ತಿಗೆ ತಲೆಯ ಮೇಲಿನ ಕಪಾಟಿಗೆ ಎಡಗೈ ನಿಲುಕಿತು. ಹೊರಗೆ ತಿರುಗುವುದು ಬಲಗಡೆಯಷ್ಟೇ ಆಗಲು ಐದು ತಿಂಗಳು ಹಿಡಿಯಿತು.

ಮುಂದಿನ ಲಸಿಕೆ

ಚಿಕಿತ್ಸೆಯ ನಡುವೆಯೇ ಅವರು ಒಂದು ದಿನ, ಇನ್ನು ಮುಂದೆ ಯಾವ ಲಸಿಕೆಯೂ ಬೇಡ ಅಂದರು. ಭುಜದ ಬಗ್ಗೆ ಮಾತಾಡಿದಷ್ಟೇ ಹೊತ್ತು ಇದರ ಬಗ್ಗೆಯೂ ಮಾತಾಡಿದೆ. ಅವರ ಮನೆಯಲ್ಲಿ ಶ್ವಾಸಕೋಶದ ಕಾಯಿಲೆಯಿರುವ ಹಿರಿಯರೊಬ್ಬರಿದ್ದಾರೆ. ಫ್ಲೂ ಅಂಥವರನ್ನು ಆಸ್ಪತ್ರೆಗೆ ಸೇರಿಸುವ ಕಾಯಿಲೆ. ಇವರ ಭುಜಕ್ಕೆ ತೊಂದರೆ ಕೊಟ್ಟದ್ದು ಶೀಶೆಯಲ್ಲಿದ್ದ ಔಷಧಿಯ ದೋಷವಲ್ಲ, ಅದು ಇಳಿದ ಜಾಗ. ಜಾಗ ಸರಿಪಡಿಸಬಹುದು.

ಈ ತೊಂದರೆಯ ಹೆಸರೆತ್ತಿದರೆ ಜನ ಲಸಿಕೆಗೆ ಹೆದರುತ್ತಾರೆ ಅಂತ ಕೆಲವು ಆರೋಗ್ಯ ಸಿಬ್ಬಂದಿ ಸುಮ್ಮನಿರುತ್ತಾರೆ. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಇವರನ್ನು ಲಸಿಕೆಯಿಂದ ದೂರ ಮಾಡಿದ್ದು ನೋವಲ್ಲ, ನೋವನ್ನು ಯಾರೂ ನಂಬದೆ ಇದ್ದದ್ದು. ವಾರ ಕಳೆದರೂ ಇಳಿಯದ, ಕೈ ಎತ್ತಲು ಬಿಡದ ನೋವನ್ನು "ಇದು ಮಾಮೂಲಿಯಲ್ಲ, ತೋರಿಸಿ" ಅಂತ ಅಂದೇ ಯಾರಾದರೂ ಹೇಳಿದ್ದರೆ ಲಸಿಕೆಯ ಮೇಲಿನ ನಂಬಿಕೆ ಉಳಿಯುತ್ತಿತ್ತು. ಬಿಗಿತವೂ ಇಷ್ಟು ಬಲಿಯುತ್ತಿರಲಿಲ್ಲ.

ಅವರು ಫೋಟೋ ಮತ್ತು ಸ್ಕ್ಯಾನ್ ವರದಿಯನ್ನು ಲಸಿಕೆ ಹಾಕಿದ ಜಾಗಕ್ಕೆ ಕೊಟ್ಟು ಬಂದರು, ಜಗಳಕ್ಕಲ್ಲ, ದಾಖಲಾಗಲಿ ಅಂತ. ಮುಂದಿನ ವರ್ಷ ಬೇರೆ ಕಡೆ ಬಲಗೈಗೆ ಲಸಿಕೆ ಹಾಕಿಸಿಕೊಂಡರು. ತೋಳು ಪೂರ್ತಿ ಮೇಲೆ ಮಡಚಬರುವ ಸಡಿಲ ಅಂಗಿ ಹಾಕಿಕೊಂಡು ಹೋಗಿದ್ದರು. "ನೀವೂ ಕೂತ್ಕೊಂಡೇ ಚುಚ್ಚಿ, ಸ್ವಲ್ಪ ಕೆಳಗೆ" ಅಂತ ತಾವೇ ಕೇಳಿದರು. ನರ್ಸ್ ಮೂಳೆಯ ಅಂಚು ಮುಟ್ಟಿ, ಬೆರಳಿಟ್ಟು ಅಳೆದು ಚುಚ್ಚಿದರಂತೆ. ತೀರ ಕೆಳಗೆ ಹೋದರೂ ನರಕ್ಕೆ ತಾಗುವ ಅಪಾಯವಿದೆ, ಹಾಗಾಗಿ ಹೀಗೆ ಅಳೆಯುವುದೇ ಸರಿ.

ಎಡಗೈ ಬೆನ್ನ ಹಿಂದೆ ಹೋಗುವುದು ಮಾತ್ರ ಬಲಗೈಗಿಂತ ಇನ್ನೂ ಎರಡು ಬೆರಳಿನಷ್ಟು ಕಡಿಮೆ ಇದೆ. ನೋವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ಟವೆಲ್‌ನ ಒಂದು ತುದಿಯನ್ನು ಬಲಗೈಯಿಂದ ಭುಜದ ಮೇಲೆ ಹಿಡಿದು, ಬೆನ್ನ ಹಿಂದಿರುವ ಎಡಗೈಯನ್ನು ಅದರಿಂದ ಮೇಲಕ್ಕೆಳೆಯುವ ವ್ಯಾಯಾಮವನ್ನು ದಿನಕ್ಕೊಮ್ಮೆ ಮುಂದುವರಿಸಲು ಹೇಳಿದ್ದೇನೆ.